ಮಕ್ಕಳ ಕಣ್ಣಿಗೆ ಯಾವ ಕಾಲದಲ್ಲಿ ಏನು ಕಾಡುತ್ತೆ?

ನನ್ನ ಅಕ್ಕನ ಮಗನಿಗೆ ಆಗ ಏಳು ವರ್ಷ. ಬೇಸಿಗೆ ರಜೆಗೆ ಚಳ್ಳಕೆರೆ ಹತ್ತಿರದ ಅಜ್ಜಿ ಮನೆಗೆ ಹೋಗಿದ್ದ. ಏಪ್ರಿಲ್ ಎರಡನೇ ವಾರದಲ್ಲಿ ಕಣ್ಣು ಉಜ್ಜಲು ಶುರು ಮಾಡಿದ. ಬೆರಳ ತುದಿಯಿಂದಲ್ಲ, ಮುಷ್ಟಿ ಕಟ್ಟಿ, ಗೆಣ್ಣಿನಿಂದ. ಕಣ್ಣು ಕೆಂಪಗಾಯಿತು. ಧೂಳು ಬಿದ್ದಿದೆ ಅಂದರು ಒಬ್ಬರು. ಉಷ್ಣ ಆಗಿದೆ, ನೆತ್ತಿಗೆ ಹರಳೆಣ್ಣೆ ಹಾಕಿ ಅಂದರು ಇನ್ನೊಬ್ಬರು. ಕೊನೆಗೆ ಮೆಡಿಕಲ್ ಶಾಪಿನಿಂದ ಒಂದು ಡ್ರಾಪ್ಸ್ ಬಂತು. ಎರಡೇ ದಿನಕ್ಕೆ ಕೆಂಪು ಮಾಯ. ನಿಲ್ಲಿಸಿದ ವಾರಕ್ಕೆ ಮತ್ತೆ ತುರಿಕೆ, ಮತ್ತೆ ಅದೇ ಡ್ರಾಪ್ಸ್. ಜುಲೈವರೆಗೂ ಹೀಗೇ ನಡೆಯಿತು.

ಬೆಂಗಳೂರಿಗೆ ಬಂದ ಮೇಲೆ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಅವರು ಮೊದಲು ಕೇಳಿದ್ದೇ ಆ ಬಾಟಲಿ ಎಲ್ಲಿ ಅಂತ. ಅದರಲ್ಲಿ ಸ್ಟೀರಾಯ್ಡ್ ಇತ್ತು. ಹುಡುಗನ ಕಣ್ಣಿನೊಳಗಿನ ಒತ್ತಡ ಏರುತ್ತಿತ್ತು. ಸಮಯಕ್ಕೆ ಗೊತ್ತಾಯಿತು. ಡ್ರಾಪ್ಸ್ ನಿಲ್ಲಿಸಿದ ಮೇಲೆ ಒತ್ತಡ ಇಳಿಯಿತು. ಆದರೆ ಆ ನಾಲ್ಕು ತಿಂಗಳಲ್ಲಿ ಅವನು ಒಮ್ಮೆಯೂ ನೋವು ಅಂದಿರಲಿಲ್ಲ. ಕಾಣುತ್ತಿಲ್ಲ ಅಂತಲೂ ಅಂದಿರಲಿಲ್ಲ.

ಮಕ್ಕಳ ಕಣ್ಣಿನ ವಿಷಯದಲ್ಲಿ ಕಷ್ಟ ಇರುವುದೇ ಇಲ್ಲಿ. ನಮಗೆ ಕಣ್ಣು ಮಂಜಾದರೆ ನಿನ್ನೆಗೂ ಇವತ್ತಿಗೂ ಇರುವ ವ್ಯತ್ಯಾಸ ಗೊತ್ತಾಗುತ್ತದೆ. ಮಗುವಿಗೆ ಆ ನಿನ್ನೆಯೇ ಇಲ್ಲ. ಲೋಕ ಇರುವುದೇ ಹೀಗೆ ಮಸುಕಾಗಿ ಅಂತ ಅದು ತಿಳಿದಿರುತ್ತದೆ. ಹಾಗಾಗಿ ಅದು ಹೇಳಲಿ ಅಂತ ನಾವು ಕಾಯುವ ಹಾಗಿಲ್ಲ, ನಾವೇ ನೋಡಬೇಕು. ನೋಡಬೇಕಾದ ಗುರುತು ಕಾಲಕಾಲಕ್ಕೆ ಬದಲಾಗುತ್ತದೆ.

ಬೇಸಿಗೆ: ಉಜ್ಜುವ ಕೈ ಮೇಲೆ ಕಣ್ಣಿಡಿ

ಅಕ್ಕನ ಮಗನಿಗೆ ಆಗಿದ್ದು ಕಣ್ಣಿನ ಅಲರ್ಜಿಯ ಒಂದು ಬಗೆ. ಡಾಕ್ಟರುಗಳು ಚಿಕ್ಕದಾಗಿ ವಿಕೆಸಿ ಅನ್ನುತ್ತಾರೆ. ನಮ್ಮಂಥ ಬಿಸಿಲ ನಾಡುಗಳಲ್ಲಿ ಇದು ಜಾಸ್ತಿ. ಸುಮಾರು ಐದರಿಂದ ಹದಿನೈದು ವರ್ಷದ ಮಕ್ಕಳಿಗೆ, ಅದರಲ್ಲೂ ಗಂಡುಮಕ್ಕಳಿಗೆ ಹೆಚ್ಚು ಬರುತ್ತದೆ. ಬಿಸಿಲು, ಗಾಳಿ, ಧೂಳು ಸೇರಿದಾಗ ಕೆರಳುತ್ತದೆ. ವಿಪರೀತ ತುರಿಕೆ ಇರುತ್ತದೆ. ಬೆಳಕಿಗೆ ಕಣ್ಣು ಬಿಡಲು ಆಗುವುದಿಲ್ಲ. ಎಳೆದರೆ ದಾರದ ಹಾಗೆ ಬರುವ ಬಿಳಿ ಪಿಸುರು ಇರುತ್ತದೆ. ಮೇಲಿನ ರೆಪ್ಪೆಯನ್ನು ಡಾಕ್ಟರು ತಿರುಗಿಸಿ ನೋಡಿದರೆ ಒಳಗಡೆ ಸಣ್ಣ ಸಣ್ಣ ಗಂಟುಗಳು ಕಾಣುತ್ತವೆ. ಮಗು ಕಣ್ಣು ಮಿಟುಕಿಸಿದಾಗಲೆಲ್ಲ ಅವು ಕಣ್ಣಿಗೆ ಉಜ್ಜುತ್ತವೆ.

ಬಹಳಷ್ಟು ಮಕ್ಕಳಲ್ಲಿ ಪ್ರಾಯಕ್ಕೆ ಬರುವ ಹೊತ್ತಿಗೆ ಇದು ತಾನಾಗಿ ಇಳಿದುಹೋಗುತ್ತದೆ. ಭಯ ಇರುವುದು ಆ ನಡುವಿನ ವರ್ಷಗಳದ್ದು. ಎರಡು ವಿಷಯಗಳಿಗೆ ಹೆದರಬೇಕು.

ಮೊದಲನೆಯದು ಉಜ್ಜುವುದು. ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂಥ ಪದರ ಇದೆಯಲ್ಲ, ಅದು ಕಾರ್ನಿಯಾ. ಅದರ ದಪ್ಪ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ವರ್ಷಗಟ್ಟಲೆ ಗೆಣ್ಣಿನಿಂದ ತಿಕ್ಕಿದರೆ ಕೆಲವು ಮಕ್ಕಳಲ್ಲಿ ಅದು ತೆಳುವಾಗಿ, ನಡುವೆ ಉಬ್ಬಿ, ಬುಗುರಿಯ ತುದಿಯ ಹಾಗೆ ಚೂಪಾಗುತ್ತದೆ. ಇದಕ್ಕೆ ಕೆರಾಟೋಕೋನಸ್ ಅಂತ ಹೆಸರು. ಆಮೇಲೆ ಯಾವ ಕನ್ನಡಕ ಹಾಕಿದರೂ ಚಿತ್ರ ತಿದ್ದಿಕೊಳ್ಳುವುದಿಲ್ಲ. ಬೇಗ ಗೊತ್ತಾದರೆ ಕಾರ್ನಿಯಾವನ್ನು ಗಟ್ಟಿ ಮಾಡುವ ಚಿಕಿತ್ಸೆ ಇದೆ. ತೀರಾ ತಡವಾದರೆ ಕಾರ್ನಿಯಾ ಕಸಿಯೇ ಬೇಕಾಗಬಹುದು. ಸುಮ್ನೆ ಕಣ್ಣು ತಿಕ್ಕುವುದು ಇಲ್ಲಿವರೆಗೆ ಹೋಗುತ್ತದೆ ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಎರಡನೆಯದು ಸ್ಟೀರಾಯ್ಡ್ ಡ್ರಾಪ್ಸ್. ಅದು ಕೆಟ್ಟ ಔಷಧಿ ಅಲ್ಲ. ಡಾಕ್ಟರು ಲೆಕ್ಕ ಹಾಕಿ, ಇಂತಿಷ್ಟು ದಿನ ಅಂತ ಕೊಟ್ಟು, ಒತ್ತಡ ನೋಡುತ್ತಾ ಇಳಿಸಿದರೆ ಕಣ್ಣು ಉಳಿಸುತ್ತದೆ. ಆದರೆ ಚೀಟಿ ಇಲ್ಲದೆ ತಿಂಗಳುಗಟ್ಟಲೆ ಹಾಕಿದರೆ ಕೆಲವು ಮಕ್ಕಳಲ್ಲಿ ಕಣ್ಣೊಳಗಿನ ಒತ್ತಡ ಏರಿ ನರ ಸಾಯಲು ಶುರುವಾಗುತ್ತದೆ. ಅದೇ ಗ್ಲಾಕೋಮಾ. ಇದರಲ್ಲಿ ನೋವು ಗೊತ್ತಾಗುವುದೇ ಇಲ್ಲ. ಹೋದ ನರ ವಾಪಸ್ ಬರುವುದಿಲ್ಲ. ಪೊರೆಯೂ ಬರಬಹುದು. ಎರಡೇ ದಿನದಲ್ಲಿ ಜಾದೂ ಮಾಡಿದ ಹಾಗೆ ಕೆಂಪು ಇಳಿಸುವ ಡ್ರಾಪ್ಸ್ ಕಂಡರೆ ಸಂತೋಷಪಡಬೇಡಿ. ಆ ಬಾಟಲಿ ಹಿಡಿದು ಡಾಕ್ಟರ ಹತ್ತಿರ ಹೋಗಿ. ದಿನನಿತ್ಯ ಹಾಕಬಹುದಾದ, ಸ್ಟೀರಾಯ್ಡ್ ಇಲ್ಲದ ಅಲರ್ಜಿ ಡ್ರಾಪ್ಸ್ ಬೇರೆಯೇ ಇವೆ. ಅವು ನಿಧಾನ, ಆದರೆ ಮಗುವಿಗೆ ಒಳ್ಳೆಯದು.

ಮನೆಯಲ್ಲಿ ಮಾಡಬಹುದಾದ್ದು ಸುಲಭ. ತುರಿಕೆ ಬಂದಾಗ ತಣ್ಣೀರಲ್ಲಿ ಅದ್ದಿದ ಶುದ್ಧ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲಿಡಿ. ತಂಪಾದ ಕೂಡಲೇ ತುರಿಕೆ ಇಳಿಯುತ್ತದೆ. ಹೊರಗೆ ಹೋಗುವಾಗ ಅಗಲ ಅಂಚಿನ ಟೋಪಿ ಹಾಕಿ. ಆಟ ಮುಗಿಸಿ ಬಂದ ತಕ್ಷಣ ಮುಖ ತೊಳೆಸಿ.

ಬೇಸಿಗೆಯಲ್ಲಿ ರೆಪ್ಪೆಯ ಅಂಚಲ್ಲಿ ಕುರು ಎದ್ದರೂ ನಾವು ಉಷ್ಣ ಅನ್ನುತ್ತೇವೆ, ತಂಪು ಮಾಡಲು ಹೋಗುತ್ತೇವೆ. ಇಲ್ಲಿ ಮಾತ್ರ ಬಿಸಿಯೇ ಬೇಕು. ಅದು ರೆಪ್ಪೆಯ ಎಣ್ಣೆ ಗ್ರಂಥಿ ಕಟ್ಟಿಕೊಂಡು ಸೋಂಕಾಗಿರುವುದು. ದಿನಕ್ಕೆ ಮೂರ್ನಾಲ್ಕು ಸಲ ಹದವಾದ ಬಿಸಿ ಬಟ್ಟೆಯ ಶಾಖ ಕೊಟ್ಟರೆ ಸಾಮಾನ್ಯವಾಗಿ ಕರಗುತ್ತದೆ. ಹಿಸುಕಬೇಡಿ.

ರಜೆ ಅಂದರೆ ಆಟ ಕೂಡ. ಚಿನ್ನಿದಾಂಡು, ಬಿಲ್ಲುಬಾಣ, ಪೊರಕೆ ಕಡ್ಡಿ, ಇವು ನಮ್ಮ ದೇಶದ ಮಕ್ಕಳ ಕಣ್ಣಿನ ಗಾಯಗಳಲ್ಲಿ ಡಾಕ್ಟರುಗಳು ಮತ್ತೆ ಮತ್ತೆ ನೋಡುವ ಕಾರಣಗಳು. ಆಟ ಬೇಡ ಅನ್ನುವುದಿಲ್ಲ. ಚಿನ್ನಿ ಹಾರುವ ದಿಕ್ಕಿನಲ್ಲಿ ಚಿಕ್ಕ ಮಕ್ಕಳು ನಿಲ್ಲದ ಹಾಗೆ ನೋಡಿಕೊಳ್ಳಿ.

ಅಜ್ಜಿ ಮನೆಯಲ್ಲಿ ಇನ್ನೊಂದು ಅಪಾಯ ಇದೆ. ಎಲೆ ಅಡಿಕೆಯ ಸುಣ್ಣ. ಪ್ಲಾಸ್ಟಿಕ್ ಪ್ಯಾಕೆಟ್ಟಿನ ಸುಣ್ಣವನ್ನು ಮಗು ಆಟಕ್ಕೆ ಹಿಸುಕುತ್ತದೆ. ಪ್ಯಾಕೆಟ್ ಒಡೆದು ನೇರ ಕಣ್ಣಿಗೆ ಚಿಮ್ಮುತ್ತದೆ. ಸುಣ್ಣ ಕ್ಷಾರ. ಅದು ಕಣ್ಣಿನ ಪದರಗಳನ್ನು ಸುಡುತ್ತಾ ಒಳಕ್ಕೆ ಇಳಿಯುತ್ತದೆ. ಹೀಗಾದರೆ ಆಸ್ಪತ್ರೆಗೆ ಓಡುವ ಮೊದಲು ನೀರು ಹಾಕಬೇಕು. ನಲ್ಲಿ ಕೆಳಗೋ ಚೊಂಬಿನಿಂದಲೋ, ರೆಪ್ಪೆ ಬಿಡಿಸಿ ಹಿಡಿದು, ಅರ್ಧ ಗಂಟೆ ಬಿಡದೆ ತೊಳೆಯಬೇಕು. ಸುಣ್ಣಕ್ಕೆ ನೀರು ಹಾಕಿದರೆ ಕುದಿಯುತ್ತೆ ಅಂತ ಕೆಲವರು ಹಿಂಜರಿಯುತ್ತಾರೆ. ಕುದಿಯುವುದು ಸುಟ್ಟ ಸುಣ್ಣ. ಎಲೆಗೆ ಹಚ್ಚುವುದು ಆಗಲೇ ಅರಳಿದ ಸುಣ್ಣ, ಅದು ಕುದಿಯುವುದಿಲ್ಲ. ಧೈರ್ಯವಾಗಿ ತೊಳೆಯಿರಿ, ಆಮೇಲೆ ಹೊರಡಿ.

ಜೂನ್: ಕಪ್ಪುಹಲಗೆ ಮತ್ತು ಮಳೆ

ಶಾಲೆ ಶುರುವಾದ ಮೇಲೆ ಬೇರೆ ಗುರುತುಗಳು. ಪಕ್ಕದವರ ನೋಟ್ ನೋಡಿ ಬರೆದುಕೊಳ್ಳುವುದು. ಟೀವಿ ಹತ್ತಿರ ಹೋಗಿ ಕೂರುವುದು. ಕಣ್ಣು ಕಿರಿದು ಮಾಡಿ ನೋಡುವುದು. ಗಮನ ಕೊಡುವುದಿಲ್ಲ ಅಂತ ಟೀಚರ್ ಹೇಳುವುದು. ಗಮನ ಇದ್ದರೂ ಬೋರ್ಡ್ ಕಾಣಬೇಕಲ್ಲ?

ದೂರದ್ದು ಕಾಣದೇ ಇರುವುದು, ಅಂದರೆ ಮೈನಸ್ ಪವರ್, ಹೇಗೆ ಬರುತ್ತದೆ ಅಂತ ತಿಳಿದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ಹುಟ್ಟಿದಾಗ ಕಣ್ಣುಗುಡ್ಡೆಯ ಉದ್ದ ಸುಮಾರು 17 ಮಿಲಿಮೀಟರ್. ದೊಡ್ಡವರಾಗುವಷ್ಟರಲ್ಲಿ 23-24 ಆಗುತ್ತದೆ. ಬೆಳಕು ಮುಂದಿನ ಲೆನ್ಸಿನಿಂದ ಬಂದು ಹಿಂದಿನ ಪರದೆ ಮೇಲೆ, ಅಂದರೆ ರೆಟಿನಾ ಮೇಲೆ, ಸರಿಯಾಗಿ ಕೂಡಬೇಕು. ಕಣ್ಣು ಬೇಕಾದ್ದಕ್ಕಿಂತ ಉದ್ದ ಬೆಳೆದರೆ ಪರದೆಯೇ ಹಿಂದಕ್ಕೆ ಸರಿದ ಹಾಗೆ. ಚಿತ್ರ ಅದರ ಮುಂದೆಯೇ ಕೂಡಿಬಿಡುತ್ತದೆ, ದೂರದ್ದು ಮಸುಕಾಗುತ್ತದೆ. ಒಂದು ಮಿಲಿಮೀಟರ್, ಹತ್ತಿರ ಹತ್ತಿರ ಒಂದು ರಾಗಿ ಕಾಳಿನಷ್ಟು ಉದ್ದ ಜಾಸ್ತಿಯಾದರೆ ಎರಡೂವರೆಯಿಂದ ಮೂರು ಪವರ್ ಬರುತ್ತದೆ. ಉದ್ದವಾದ ಕಣ್ಣು ಮತ್ತೆ ಕುಗ್ಗುವುದಿಲ್ಲ. ತೀರಾ ಹಿಗ್ಗಿದರೆ ರೆಟಿನಾ ತೆಳುವಾಗಿ ಮುಂದೊಂದು ದಿನ ಹರಿದುಹೋಗುವ ಅಪಾಯವೂ ಇದೆ.

ಕಣ್ಣಿಗೆ ಇನ್ನು ಸಾಕು, ಬೆಳೆಯಬೇಡ ಅಂತ ಹೇಳುವವರು ಯಾರು? ಹೆಚ್ಚಾಗಿ ಬೆಳಕು. ಜೋರು ಬೆಳಕು ಬಿದ್ದಾಗ ರೆಟಿನಾದಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ಹೊರಬರುತ್ತದೆ. ಅದು ಕಣ್ಣಿನ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ ಅಂತ ವಿಜ್ಞಾನಿಗಳು ನಂಬುತ್ತಾರೆ. ಬೆಳಕನ್ನು ಅಳೆಯುವುದು ಲಕ್ಸ್‌ನಲ್ಲಿ. ಸಾಮಾನ್ಯ ತರಗತಿಯಲ್ಲಿ 300ರಿಂದ 500 ಲಕ್ಸ್ ಇದ್ದರೆ ಹೆಚ್ಚು. ಹೊರಗೆ ಹಗಲಲ್ಲಿ 10,000 ದಾಟುತ್ತದೆ, ಸುಡುಬಿಸಿಲಲ್ಲಿ 1 ಲಕ್ಷದ ಹತ್ತಿರ ಹೋಗುತ್ತದೆ. ನಮ್ಮ ಕಣ್ಣು ಹೊಂದಿಕೊಳ್ಳುವುದರಿಂದ ಇಷ್ಟು ದೊಡ್ಡ ಅಂತರ ನಮಗೆ ಗೊತ್ತೇ ಆಗುವುದಿಲ್ಲ.

ಇದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಚೀನಾದ ಗುವಾಂಗ್‌ಝೌ ನಗರದಲ್ಲಿ 12 ಶಾಲೆಗಳ ಒಂದನೇ ತರಗತಿ ಮಕ್ಕಳನ್ನು ತೆಗೆದುಕೊಂಡರು. ಅರ್ಧ ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚಿಗೆ ಹೊರಗೆ ಬಿಟ್ಟರು. ಮೂರು ವರ್ಷದ ನಂತರ, ಹೊರಗೆ ಬಿಟ್ಟ ಮಕ್ಕಳಲ್ಲಿ ನೂರಕ್ಕೆ 30 ಮಂದಿಗೆ ಮೈನಸ್ ಪವರ್ ಬಂದಿತ್ತು. ಉಳಿದವರಲ್ಲಿ ನೂರಕ್ಕೆ ಸುಮಾರು 40. 2015ರಲ್ಲಿ ಇದು ಪ್ರಕಟವಾಯಿತು. ತೈವಾನ್ 2010ರಿಂದಲೇ ಶಾಲಾ ಮಕ್ಕಳಿಗೆ ದಿನಕ್ಕೆ 120 ನಿಮಿಷ ಹೊರಗಿನ ಬೆಳಕು ಅಂತ ಗುರಿ ಇಟ್ಟಿತು. ವರ್ಷಾನುಗಟ್ಟಲೆ ಏರುತ್ತಲೇ ಇದ್ದ ಕಣ್ಣಿನ ತೊಂದರೆ ಆಮೇಲೆ ಇಳಿಮುಖವಾಯಿತು. ಔಷಧಿ ಇಲ್ಲ, ಖರ್ಚಿಲ್ಲ, ಬರೀ ಬಯಲು. ಬಯಲು ಬೇಕಾದಷ್ಟು ಇದ್ದೂ ಮಕ್ಕಳನ್ನು ಟ್ಯೂಷನ್ ಕೋಣೆಯಲ್ಲಿ ಕೂರಿಸುತ್ತೇವಲ್ಲ ಅಂತ ನನಗೆ ನಿಜವಾಗಿ ಸಂಕಟವಾಗುತ್ತದೆ.

ಒಂದು ಮಾತು ಸೇರಿಸಬೇಕು. ಹೊರಗಿನ ಬೆಳಕು ಪವರ್ ಬರುವುದನ್ನು ತಡೆಯುವುದರಲ್ಲಿ ಗಟ್ಟಿ. ಒಮ್ಮೆ ಬಂದ ಮೇಲೆ ಅಷ್ಟು ಕೆಲಸ ಮಾಡುವುದಿಲ್ಲ. ಆಗ ಪವರ್ ಏರುವ ವೇಗ ತಗ್ಗಿಸಲು ಕಡಿಮೆ ಪ್ರಮಾಣದ ಅಟ್ರೋಪಿನ್ ಡ್ರಾಪ್ಸ್, ವಿಶೇಷ ಕನ್ನಡಕ ಇವನ್ನೆಲ್ಲ ಡಾಕ್ಟರು ಹೇಳಬಹುದು. ಹಾಗಾಗಿ ಬಯಲಾಟಕ್ಕೆ ಒಳ್ಳೆಯ ವಯಸ್ಸು ಅಂಗನವಾಡಿಯಿಂದ ಐದನೇ ಕ್ಲಾಸಿನವರೆಗೆ. ಕನ್ನಡಕ ಹಾಕಿದರೆ ಪವರ್ ಏರುತ್ತದೆ ಅನ್ನುವುದು ಸುಳ್ಳು. ಬೇಕಾದ ಕನ್ನಡಕ ಹಾಕದೆ ಬಿಡುವುದೇ ತೊಂದರೆ.

ಚಳಿಗಾಲದಲ್ಲಿ ಮಕ್ಕಳ ಪವರ್ ಬೇಗ ಏರುತ್ತದೆ, ಬೇಸಿಗೆಯಲ್ಲಿ ನಿಧಾನ ಅಂತ ಡೆನ್ಮಾರ್ಕ್, ಚೀನಾದ ಅಧ್ಯಯನಗಳು ಕಂಡುಕೊಂಡಿವೆ. ಅಲ್ಲಿ ಚಳಿಗಾಲದ ಹಗಲು ಚಿಕ್ಕದು. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆ ದಾಟುತ್ತದೆ. ಸೂರ್ಯನಿಗೆ ನಮ್ಮಲ್ಲಿ ಕೊರತೆ ಇಲ್ಲ. ನಮ್ಮ ಮಕ್ಕಳ ಕತ್ತಲ ಕಾಲ ಡಿಸೆಂಬರ್ ಅಲ್ಲ ಅಂತ ನನಗೆ ಅನಿಸುತ್ತದೆ. ಮನೆಯೊಳಗೇ ಕೂರುವ ಮಳೆಗಾಲ ಒಂದು, ಪರೀಕ್ಷೆಯ ಫೆಬ್ರವರಿ-ಮಾರ್ಚ್ ಇನ್ನೊಂದು.

ಮಲೆನಾಡು, ಕರಾವಳಿಯವರು ಕೇಳಬಹುದು: ಮೂರು ತಿಂಗಳು ಮಳೆ ಹೊಡೆದರೆ ಮಕ್ಕಳನ್ನು ಎಲ್ಲಿ ಬಿಡೋಣ? ಮೋಡ ಕವಿದ ದಿನವೂ ಹೊರಗಿನ ಬೆಳಕು ತರಗತಿಯ ಬೆಳಕಿಗಿಂತ ಎಷ್ಟೋ ಪಟ್ಟು ಜಾಸ್ತಿ. ಮರದ ನೆರಳಲ್ಲೂ ಹಾಗೆಯೇ. ಮಳೆ ಹನಿ ನಿಂತಾಗ ಅಂಗಳಕ್ಕೆ ಬಿಡಿ. ನಿಲ್ಲದಿದ್ದರೆ ಜಗಲಿಯ ಅಂಚಲ್ಲಾದರೂ ಕೂರಿಸಿ. ಓದುವಾಗ, ಮೊಬೈಲ್ ನೋಡುವಾಗ ಕಣ್ಣಿನಿಂದ ಅವರದೇ ಒಂದು ಮೊಳ ದೂರ ಇರಲಿ.

ಮದ್ರಾಸ್ ಐ ಬಂದಾಗ

ಮಳೆಗಾಲದ ಕೆಂಗಣ್ಣು ಎಲ್ಲರಿಗೂ ಗೊತ್ತು. ಮದ್ರಾಸಿನಲ್ಲಿ ಮೊದಲು ಗುರುತಿಸಿದ್ದಕ್ಕೆ ಆ ಹೆಸರು ಅಂಟಿಕೊಂಡಿತು. 2023ರ ಜುಲೈನಲ್ಲಿ ಕರ್ನಾಟಕದ ತುಂಬ ಹರಡಿತ್ತು, ನೆನಪಿರಬಹುದು. ಹೆಚ್ಚಾಗಿ ಇದು ಅಡಿನೋವೈರಸ್ಸಿನ ಕೆಲಸ. ನೋಡಿದರೆ ಬರುವುದಿಲ್ಲ. ಕಣ್ಣು ಮುಟ್ಟಿದ ಕೈ, ಆ ಕೈ ಮುಟ್ಟಿದ ಟವೆಲ್, ದಿಂಬು, ಪೆನ್ಸಿಲ್, ಹೀಗೆ ದಾಟುತ್ತದೆ. ಕಪ್ಪು ಕನ್ನಡಕ ಹಾಕಿದರೆ ಬೆಳಕು ಚುಚ್ಚುವುದು ತಪ್ಪುತ್ತದೆ, ಆದರೆ ಹರಡುವುದು ನಿಲ್ಲುವುದಿಲ್ಲ. ಸೋಪು ಹಾಕಿ ಕೈ ತೊಳೆಯುವುದು, ಬೇರೆ ಟವೆಲ್, ನೀರು ಸೋರುವುದು ನಿಲ್ಲುವವರೆಗೆ ಶಾಲೆಗೆ ರಜೆ, ಇಷ್ಟೇ ತಡೆ. ಒಂದೆರಡು ವಾರದಲ್ಲಿ ತಾನಾಗಿ ಹೋಗುತ್ತದೆ.

ಈ ಸಮಯದಲ್ಲಿ ಎದೆಹಾಲು, ನಂದಿಬಟ್ಟಲು ಹೂವಿನ ರಸ, ಜೇನುತುಪ್ಪ ಕಣ್ಣಿಗೆ ಹಾಕುವುದು ನಮ್ಮಲ್ಲಿ ಇನ್ನೂ ಇದೆ. ಪ್ರೀತಿಯಿಂದಲೇ ಹಾಕುತ್ತಾರೆ, ಗೊತ್ತು. ಆದರೆ ಶುದ್ಧವಲ್ಲದ ಯಾವ ಹನಿಯೂ ಸೋಂಕಾದ ಕಣ್ಣಿಗೆ ಹೊಸ ಸೋಂಕು ತರಬಹುದು. ಕಾದಾರಿಸಿದ ನೀರಲ್ಲಿ ಅದ್ದಿದ ಹತ್ತಿಯಿಂದ ಪಿಸುರು ಒರೆಸಿ, ಸಾಕು. ನೋವು ಜಾಸ್ತಿಯಾದರೆ, ಕಾಣುವುದು ಮಂಜಾದರೆ, ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ ಕಂಡರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಹುಟ್ಟಿದ ತಿಂಗಳೊಳಗಿನ ಕೂಸಿಗೆ ಕಣ್ಣಲ್ಲಿ ಕೀವು ಬಂದರಂತೂ ಒಂದು ಗಂಟೆಯೂ ಕಾಯಬೇಡಿ. ಕಾಡಿಗೆಯೂ ಕಣ್ಣೊಳಗೆ ಬೇಡ, ಕೆಲವದರಲ್ಲಿ ಸೀಸ ಇರುತ್ತದೆ. ದೃಷ್ಟಿ ಬೊಟ್ಟು ಕೆನ್ನೆ ಮೇಲೆಯೇ ಚೆಂದ.

ದೀಪಾವಳಿಯ ರಾತ್ರಿ

ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ 1896ರಲ್ಲಿ ಶುರುವಾದದ್ದು. ಪ್ರತಿ ದೀಪಾವಳಿಗೆ ಅಲ್ಲಿ ಪಟಾಕಿ ಗಾಯದವರು ಬರುತ್ತಲೇ ಇರುತ್ತಾರೆ, ಮಕ್ಕಳೇ ಜಾಸ್ತಿ. ಎಷ್ಟೋ ಜನ ಪಟಾಕಿ ಹಚ್ಚಿದವರೇ ಅಲ್ಲ, ನಿಂತು ನೋಡುತ್ತಿದ್ದವರು, ರಸ್ತೆಯಲ್ಲಿ ಹೋಗುತ್ತಿದ್ದವರು. ಹೂಕುಂಡ ಹತ್ತಲಿಲ್ಲ ಅಂತ ಬಗ್ಗಿ ನೋಡಿದ ಕ್ಷಣಕ್ಕೇ ಅದು ಸಿಡಿಯುತ್ತದೆ. ಪುಟ್ಟ ಮಕ್ಕಳ ಕೈಗೆ ಕೊಡುವ ಸುರುಸುರು ಬತ್ತಿಯ ತುದಿ 1,000 ಡಿಗ್ರಿ ಸೆಲ್ಸಿಯಸ್ ದಾಟುವಷ್ಟು ಬಿಸಿ.

ಗಾಯವಾದರೆ ಉಜ್ಜಬಾರದು, ಒತ್ತಬಾರದು. ಚುಚ್ಚಿಕೊಂಡದ್ದನ್ನು ಕೀಳಬಾರದು. ಮುಲಾಮು ಹಚ್ಚಬಾರದು. ಸುಣ್ಣ ಬಿದ್ದರೆ ತೊಳೆಯಲೇಬೇಕು ಅಂದೆನಲ್ಲ, ಕಣ್ಣು ಹರಿದಿರುವ ಅನುಮಾನ ಇದ್ದರೆ ತೊಳೆಯಲೂಬಾರದು. ಪೇಪರ್ ಲೋಟದ ತಳಭಾಗ ಕತ್ತರಿಸಿ, ಕಣ್ಣಿಗೆ ತಾಗದ ಹಾಗೆ ಸುತ್ತಲಿನ ಮೂಳೆ ಮೇಲೆ ಕೂರಿಸಿ, ಟೇಪ್ ಅಂಟಿಸಿ ಹೊರಡಿ. ದಾರಿಯಲ್ಲಿ ಸಮಾಧಾನಕ್ಕೆ ಅಂತ ಹಾಲು, ಬಿಸ್ಕತ್ತು ಕೊಡಬೇಡಿ. ಆಪರೇಷನ್ ಬೇಕಾದರೆ ಅರಿವಳಿಕೆ ಕೊಡಲು ಹೊಟ್ಟೆ ಖಾಲಿ ಇರಬೇಕು.

ಮಾರ್ಚಿನ ಹೋಳಿಗೂ ಇದೇ ಎಚ್ಚರ ಬೇಕು. ಬಾಗಲಕೋಟೆ, ಹುಬ್ಬಳ್ಳಿ ಕಡೆ ದಿನಗಟ್ಟಲೆ ಬಣ್ಣ ಆಡುತ್ತಾರೆ. ಬಣ್ಣ ಕಣ್ಣಿಗೆ ಬಿದ್ದರೆ ಉಜ್ಜದೆ ಬರೀ ನೀರಿನಿಂದ ತೊಳೆಯಿರಿ. ಬಣ್ಣದ ನೀರು ತುಂಬಿದ ಬಲೂನನ್ನು ಮುಖಕ್ಕೆ ಎಸೆಯುವುದನ್ನು ಮಕ್ಕಳಿಗೆ ಮೊದಲೇ ಬಿಡಿಸಿ. ಆ ಪೆಟ್ಟಿಗೆ ಕಣ್ಣೊಳಗೆ ರಕ್ತ ಇಳಿಯಬಹುದು.

ಊಟದ ವಿಷಯ ಎಲ್ಲ ಕಾಲಕ್ಕೂ ಒಂದೇ. ಸಂಜೆಯಾದರೆ ಮಗು ತಡವರಿಸುತ್ತದೆ, ಅಂಗಳದಲ್ಲಿ ಎಡವುತ್ತದೆ ಅಂದರೆ ಇರುಳುಗಣ್ಣು ಇರಬಹುದು, ವಿಟಮಿನ್ ಎ ಕಡಿಮೆಯಾಗಿದೆ ಅಂತ. ಇದಕ್ಕಾಗಿ 1970ರಿಂದ ದೇಶದಲ್ಲಿ ಕಾರ್ಯಕ್ರಮ ನಡೆದಿದೆ. ಒಂಬತ್ತನೇ ತಿಂಗಳಿಂದ ಐದು ವರ್ಷದವರೆಗೆ ಒಟ್ಟು ಒಂಬತ್ತು ಸಲ ವಿಟಮಿನ್ ಎ ಹನಿ ಕೊಡುತ್ತಾರೆ. ತಪ್ಪಿಸಬೇಡಿ. ನುಗ್ಗೆಸೊಪ್ಪು, ಹರಿವೆ, ಪಪ್ಪಾಯಿ, ಕುಂಬಳ, ಮಾವು ಎಲ್ಲದರಲ್ಲೂ ಅದರ ಮೂಲ ಇದೆ. ಅದು ಮೈಗೆ ಹತ್ತಲು ಸ್ವಲ್ಪ ಎಣ್ಣೆ ಬೇಕು. ನಮ್ಮ ಸೊಪ್ಪಿನ ಪಲ್ಯದ ಒಗ್ಗರಣೆ ಅದಕ್ಕೆ ಸರಿಯಾಗಿದೆ.

ತಿಂಗಳು ತಿರುವಿದಾಗ

ನಮ್ಮ ಮನೆಯಲ್ಲಿ ಈಗ ಒಂದು ಅಭ್ಯಾಸ ಇದೆ. ಗೋಡೆಯ ಕ್ಯಾಲೆಂಡರಿನ ಹಾಳೆ ತಿರುವಿದ ದಿನ ಮಕ್ಕಳನ್ನು ನಿಲ್ಲಿಸುತ್ತೇವೆ. ಹಬ್ಬದ ಹೆಸರು ಬರೆದಿರುವ ಸಣ್ಣ ಅಕ್ಷರ ನಮಗೆ ಎಲ್ಲಿಂದ ಕಷ್ಟಪಟ್ಟು ಓದಲು ಆಗುತ್ತದೋ, ಅಲ್ಲಿ ನಿಲ್ಲಿಸಿ ಓದಿಸುತ್ತೇವೆ. ಒಂದೊಂದೇ ಕಣ್ಣಿನಿಂದ ಓದಿಸಬೇಕು, ಅದು ಮುಖ್ಯ. ಇನ್ನೊಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಬೇಕು. ಬೆರಳ ಸಂದಿಯಿಂದ ಮಕ್ಕಳು ನೋಡಿಬಿಡುತ್ತಾರೆ.

ಒಂದೊಂದೇ ಕಣ್ಣು ಯಾಕೆ ಅಂದರೆ, ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದು ಮಂಜಾಗಿದ್ದರೆ ಮಗು ಓಡಾಡುವುದರಲ್ಲಿ, ಓದುವುದರಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ. ಮಂಜಾದ ಕಣ್ಣಿನ ಚಿತ್ರವನ್ನು ಮೆದುಳು ನಿಧಾನಕ್ಕೆ ಬಿಟ್ಟೇಬಿಡುತ್ತದೆ. ಸೋಮಾರಿ ಕಣ್ಣು ಅನ್ನುವುದು ಇದನ್ನೇ. ಏಳೆಂಟು ವರ್ಷದೊಳಗೆ ಗೊತ್ತಾದರೆ ಕನ್ನಡಕ ಹಾಕಿಸಿ, ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಅಂಟಿಸಿ ಸೋಮಾರಿ ಕಣ್ಣನ್ನು ಎಬ್ಬಿಸಬಹುದು. ಆಮೇಲೆ ಕಷ್ಟ. ಮೆಳ್ಳೆಗಣ್ಣು ಅದೃಷ್ಟ ಅಂತ ಬಿಟ್ಟುಬಿಡುವ ಮನೆಗಳಲ್ಲಿ ಎಷ್ಟೋ ಮಕ್ಕಳ ಒಂದು ಕಣ್ಣು ಹೀಗೆ ಹೋಗುತ್ತದೆ.

ಓದಲು ಬಾರದ ಕೂಸಾದರೆ ಆಟ ಆಡಿಸುತ್ತಾ ಒಂದು ಕಣ್ಣು ಮುಚ್ಚಿ ನೋಡಿ. ಎಡಗಣ್ಣು ಮುಚ್ಚಿದಾಗ ಸುಮ್ಮನಿದ್ದು, ಬಲಗಣ್ಣು ಮುಚ್ಚಿದಾಗ ಕೈ ತಳ್ಳಿ ಅತ್ತರೆ, ಎಡಗಣ್ಣಿಗೆ ಸರಿಯಾಗಿ ಕಾಣುತ್ತಿಲ್ಲ ಅಂತ ಅರ್ಥ ಇರಬಹುದು. ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಒಂದು ಪಾಪೆ ಬೆಳ್ಳಗೆ ಹೊಳೆದರೆ ತಡಮಾಡದೆ ತೋರಿಸಿ. ಕಣ್ಣೊಳಗಿನ ಗಡ್ಡೆಯ ಮೊದಲ ಗುರುತು ಅದಾಗಿರಬಹುದು.

ಅನುಮಾನ ಬಂದರೆ ಕನ್ನಡಕದ ಅಂಗಡಿಗಲ್ಲ, ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮಕ್ಕಳ ಕಣ್ಣು ಬಿಗಿ ಹಿಡಿದು ತಾತ್ಕಾಲಿಕವಾಗಿ ಹೊಂದಿಸಿಕೊಂಡುಬಿಡುತ್ತದೆ. ಆದ್ದರಿಂದ ಪಾಪೆ ಅಗಲವಾಗುವ ಡ್ರಾಪ್ಸ್ ಹಾಕಿ, ಕಣ್ಣನ್ನು ಸಡಿಲ ಮಾಡಿ ಪವರ್ ನೋಡಬೇಕು. ಸಾಮಾನ್ಯವಾಗಿ ಒಂದು ದಿನ ಮಂಜಾಗಿರುತ್ತದೆ, ಆಮೇಲೆ ಸರಿಹೋಗುತ್ತದೆ. ಹಾಗಾಗಿ ಶನಿವಾರ ಹೋಗುವುದು ಅನುಕೂಲ, ಸೋಮವಾರದ ಕ್ಲಾಸ್ ತಪ್ಪುವುದಿಲ್ಲ.

ಅಕ್ಕನ ಮಗನಿಗೆ ಈಗ ಹತ್ತು ವರ್ಷ. ಮಾರ್ಚ್ ಹಾಳೆ ತಿರುವಿದ ದಿನವೇ ಅವನ ಅಲರ್ಜಿ ಡ್ರಾಪ್ಸ್ ಮತ್ತು ಟೋಪಿಯನ್ನು ಅಕ್ಕ ತೆಗೆದಿಡುತ್ತಾಳೆ. ಕ್ಯಾಲೆಂಡರಿನ ಅಕ್ಷರಗಳನ್ನು ಅವನು ಎರಡೂ ಕಣ್ಣಲ್ಲಿ ಓದುತ್ತಾನೆ.